ಮೇಷ್ಟ್ರು ಒಪ್ಪದ ಚೀಲಗಳು

ಡ್ರಿಲ್ ಮೇಷ್ಟ್ರು ಬೆರಳು ಮಾಡಿ ಏನನ್ನೂ ತೋರಿಸುತ್ತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಿಳಿ ಕುರುಚಲು ಬೆಳೆದ ಗದ್ದವನ್ನು ಮುಂದಕ್ಕೆ ಚಾಚಿ, ಅದರಿಂದಲೇ ತೋರಿಸುತ್ತಿದ್ದರು. ಆ ಗದ್ದ ನಿಮ್ಮ ಸೈಕಲ್ಲಿನ ಯಾವ ಭಾಗದ ಕಡೆ ತಿರುಗಿತೋ ಆ ಭಾಗದ ಮಾನ ಅಲ್ಲಿಗೆ ಹೋಯಿತು ಅಂತಲೇ ಲೆಕ್ಕ. ನನ್ನ ವಿಷಯದಲ್ಲಿ ಅದು ಸದಾ ಸೀಟಿನ ಕೆಳಕ್ಕೆ ತಿರುಗುತ್ತಿತ್ತು, ಅಲ್ಲಿ ಕಟ್ಟಿದ್ದ ಚೀಲದ ಕಡೆಗೆ.

ಗುಬ್ಬಿಯ ಹೈಸ್ಕೂಲೊಂದರಲ್ಲಿ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಬೈದೇ ನಿವೃತ್ತರಾದವರು ಅವರು. ತುಮಕೂರಿನಲ್ಲಿ ಮನೆ, ಗುಬ್ಬಿಯ ಪಕ್ಕ ಒಂದಿಷ್ಟು ತೆಂಗಿನ ತೋಟ, ಬಾಗಿದ ಹ್ಯಾಂಡಲ್ಲಿನ ಸಪೂರ ಟೈರಿನ ರೋಡ್ ಬೈಕು, ಮತ್ತೆ ಲೋಕದ ಎಲ್ಲರ ಮೇಲೂ ಭೇದವಿಲ್ಲದ ತಾತ್ಸಾರ. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದ ಹೋಟೆಲೊಂದರ ಮುಂದೆ ಸೇರುತ್ತಿದ್ದ ನಮ್ಮ ಸೈಕಲ್ ಗುಂಪಿಗೆ ಅವರೇ ಯಜಮಾನರು. ಯಾರೂ ಆರಿಸಿರಲಿಲ್ಲ. ಆರಿಸುವ ಯೋಗ್ಯತೆ ನಮಗಿದೆ ಎಂದು ಅವರು ತಿಳಿದಂತೆಯೂ ಇರಲಿಲ್ಲ. ಗುಂಪಾದರೂ ಎಂಥದ್ದು! ಒಬ್ಬ ಹಲ್ಲಿನ ಡಾಕ್ಟರು ಸೈಕಲ್ ತುಳಿಯುವುದಕ್ಕಿಂತ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದೇ ಹೆಚ್ಚು. ಕೊಬ್ಬರಿ ಮಂಡಿಯ ಯಜಮಾನನೊಬ್ಬ ತಟ್ಟೆ ಇಡ್ಲಿ ಮುಗಿಯುತ್ತಲೇ ಮೊಣಕಾಲು ನೋವು ಅಂತ ಮನೆಗೆ ತಿರುಗುತ್ತಿದ್ದ. ಇವರ ನಡುವೆ ನಾನೊಬ್ಬಳು, ಖಾಸಗಿ ಕಾಲೇಜಿನ ಗ್ರಂಥಪಾಲಕಿ, ನಲವತ್ತು ದಾಟಿದ ಮೇಲೆ ಸೈಕಲ್ ಹತ್ತಿದವಳು.

ನನಗೆ ಇದ್ದದ್ದು ಒಂದೇ ಆಸೆ. ಕುಣಿಗಲ್ಲಿನ ಆಚೆ ಅಮೃತೂರಿನಲ್ಲಿರುವ ಅಕ್ಕನ ಮನೆಗೆ ಒಬ್ಬಳೇ ಸೈಕಲ್ಲಿನಲ್ಲಿ ಹೋಗಬೇಕು. ಹುಟ್ಟಿದಾಗಿನಿಂದ ನನ್ನನ್ನು ಎಲ್ಲಿಗಾದರೂ ಯಾರಾದರೂ ಬಿಟ್ಟುಬಂದಿದ್ದಾರೆ, ಇಲ್ಲ ಕರೆದುಕೊಂಡು ಬಂದಿದ್ದಾರೆ. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, "ನೀನಾ? ಒಬ್ಳೇನಾ? ಬಸ್ಸಿಗೇನು ಬರ ಬಂದೈತಾ?" ಎಂದು ನಕ್ಕಳು. ಮನೆಯವರು ಟಿವಿಯಿಂದ ಕಣ್ಣು ತೆಗೆಯದೆ, "ಪಂಚರ್ ಆದ್ರೆ ಫೋನ್ ಮಾಡ್ತೀಯ. ಕೊನೆಗೆ ನಾನೇ ಕಾರ್ ತಗೊಂಡ್ ಬರ್ಬೇಕು" ಎಂದರು. ಆ "ಕೊನೆಗೆ ನಾನೇ" ಎಂಬ ಮಾತು ನನ್ನ ಮೈ ಉರಿಸಿತು. ಪಂಚರ್ ನಾನೇ ಹಾಕಬೇಕು, ಅದರ ಸಾಮಾನು ನನ್ನ ಸೀಟಿನ ಕೆಳಗೇ ಇರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಹಾಗೆ ಶುರುವಾದದ್ದು ಚೀಲದ ಹುಡುಕಾಟ.

ಮೊದಲನೆಯದು ಕಿತ್ತಳೆ ಬಣ್ಣದ ದೊಡ್ಡ ಚೀಲ. ಆನ್‌ಲೈನ್ ಚಿತ್ರದಲ್ಲಿ ಭಲೇ ಚೆನ್ನಾಗಿತ್ತು. ಕಟ್ಟಿಕೊಂಡು ತುಳಿದರೆ ಅತ್ತ ಇತ್ತ ತೂಗಾಡುತ್ತಿತ್ತು. ಮೇಷ್ಟ್ರು ಹಿಂದಿನಿಂದ ನೋಡಿಕೊಂಡೇ ಬಂದು ಹೋಟೆಲ್ ಮುಂದೆ ಎಲ್ಲರೆದುರಿಗೆ ಕೇಳಿದರು: "ಏನಮ್ಮಾ, ಹಾಲು ಕರಿಯೋ ಹೊತ್ತಾಯ್ತಾ? ಕೆಚ್ಚಲು ಹಂಗೆ ತೂಗಾಡ್ತೈತೆ."

ಅಷ್ಟಕ್ಕೇ ಬಿಡಲಿಲ್ಲ. ಒಳಗಿದ್ದದ್ದನ್ನೆಲ್ಲ ನನ್ನ ಕೈಯಿಂದಲೇ ಇಡ್ಲಿ ತಟ್ಟೆ ಪಕ್ಕಕ್ಕೆ ಸುರಿಸಿದರು. ಬಿಸಿಲಿಗೆ ಹಚ್ಚುವ ಕ್ರೀಮು, ಚಾರ್ಜರ್, ಬಾಚಣಿಗೆ, ನಿಪ್ಪಟ್ಟಿನ ಪೊಟ್ಟಣ. ಎಲ್ಲಕ್ಕಿಂತ ಅಡಿಯಲ್ಲಿ, ಸೊಸೆ ಕ್ಷೇಮವಾಗಿರಲಿ ಅಂತ ನಮ್ಮತ್ತೆ ನನಗೂ ಹೇಳದೆ ಇಟ್ಟಿದ್ದ ಮಠದ ವಿಭೂತಿ ಗಟ್ಟಿ. ಮೇಷ್ಟ್ರ ಮುಖ ಕೆಂಪಾಯಿತು. "ಶಿವ ಶಿವಾ! ವಿಭೂತಿನ ಕುಂಡಿ ಕೆಳಗಿಟ್ಕೊಂಡು ಬಂದಿದೀಯಲ್ಲಮ್ಮ! ನಿಮ್ಮನೇಲಿ ಹೇಳೋರ್ ಕೇಳೋರ್ ಯಾರೂ ಇಲ್ವಾ?" ಎಂದು ಕೂಗಿ, ಹಲ್ಲಿನ ಡಾಕ್ಟರ ಕಡೆ ಗದ್ದ ಚಾಚಿ, "ಎತ್ತಿ ನನ್ ಜೇಬಿಗೆ ಹಾಕಯ್ಯ" ಎಂದರು. ತಾವು ಬೆನ್ನ ಹಿಂದಿನ ಕೈ ತೆಗೆಯಲಿಲ್ಲ. ದೊಡ್ಡಸ್ತಿಕೆ ಎಂದರೆ ಇದು, ತನ್ನ ಜೇಬಿಗೂ ಬೇರೆಯವರ ಕೈ ಬೇಕು ಎಂದುಕೊಂಡೆ.

ಎರಡನೆಯದು ಗಟ್ಟಿ ಪ್ಲಾಸ್ಟಿಕ್ಕಿನದು. ರಸ್ತೆ ಉಬ್ಬಿನ ಮೇಲೆಲ್ಲ ಒಳಗಿನ ಸಾಮಾನು ಗಲಗಲ ಎನ್ನುತ್ತಿತ್ತು. "ದಾರಿ ಬುಡ್ರಪ್ಪೋ, ಕೋಲೆ ಬಸವ ಬಂತು" ಎಂದರು. ಮೂರನೆಯದು ತೊಡೆಗೆ ಉಜ್ಜಿ ಪ್ಯಾಂಟು ಹರಿಯಿತು, ಅದಕ್ಕೆ ಅವರು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವರ ಚೀಲವೋ, ಅಂಗೈಯಷ್ಟು ಕಪ್ಪು ಚೀಲ, ಸೀಟಿಗೆ ಬಿಗಿಯಾಗಿ ಅಂಟಿಕೊಂಡು, ಅಲ್ಲಾಡದೆ, ಸದ್ದು ಮಾಡದೆ, ತುಂಬಿಕೊಂಡು ಕೂತಿರುತ್ತಿತ್ತು. ಅಂಥದ್ದೇ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, "ಅಂಥದ್ದು ಈಗ ಎಲ್ಲಿ ಬರುತ್ತೆ? ನಿಂಗ್ಯಾಕೆ?" ಎಂದು ಮುಖ ತಿರುಗಿಸಿದರು.

ಒಂದು ಭಾನುವಾರ ಊರ್ಡಿಗೆರೆ ದಾರಿಯಲ್ಲಿ ಮೇಷ್ಟ್ರದ್ದೂ ನನ್ನದೂ ಸೈಕಲ್ಲುಗಳು ಮುಂದಿದ್ದವು. ಇದ್ದಕ್ಕಿದ್ದಂತೆ, "ನಿಲ್ಲು. ಹಿಂದಿನ ಚಕ್ರದ ಗಾಳಿ ಬಿಡು" ಎಂದರು. ಏನೂ ಆಗಿಲ್ಲದ ಚಕ್ರ! "ಯಾಕೆ ಮೇಷ್ಟ್ರೇ?" ಎಂದೆ. "ಅಮೃತೂರಿಗೆ ಹೋಗೋಳಂತೆ. ಗಾಳಿ ಬಿಟ್ಟು ಟ್ಯೂಬ್ ಬದ್ಲಾಯ್ಸು, ನೋಡಣ." ಬಿಸಿಲಲ್ಲಿ ಕೂತೆ. ಟೈರು ರಿಮ್ಮಿನಿಂದ ಏಳಲಿಲ್ಲ. ಎದ್ದಾಗ ಟ್ಯೂಬು ಸಿಕ್ಕಿಹಾಕಿಕೊಂಡಿತು. ಅವರು ಕೈಕಟ್ಟಿ ನಿಂತು ಬಾಯಿಗೆ ಬಂದದ್ದು ಅಂದರು. "ಹೆಬ್ಬೆಟ್ಟಲ್ಲಿ ಒತ್ತು. ಉಗುರಲ್ಲಲ್ಲ, ಹೆಬ್ಬೆಟ್ಟಲ್ಲಿ! ದೇವ್ರು ಹೆಬ್ಬೆಟ್ಟು ಕೊಟ್ಟಿರೋದು ಸಹಿ ಬರ್ದೇ ಇರೋರ್ಗೆ ಮಾತ್ರ ಅಲ್ಲ!" ಕೊನೆಗೆ ಟೈರು ಟಪ್ಪೆಂದು ಕೂತಾಗ ಒಂದು ಒಳ್ಳೆಯ ಮಾತು ಬರಬಹುದು ಎಂದು ತಲೆ ಎತ್ತಿದೆ. "ಇಷ್ಟೊತ್ಗೆ ನಮ್ಮನೆಯವ್ಳು ಮುದ್ದೆ ತೊಳ್ಸಿ ಬಡ್ಸಿರೋಳು" ಎಂದು ಹೇಳಿ ಸೈಕಲ್ ಹತ್ತಿದರು. ಅವರ ಬೆನ್ನು ನೋಡುತ್ತ ಮನಸಾರೆ ಶಪಿಸಿದೆ.

ಆಮೇಲೆ ಅವರ ಸೈಕಲ್ಲೇ ಪಂಚರಾಗತೊಡಗಿತು. ಭಾನುವಾರದ ಸವಾರಿ ಹೆಚ್ಚಾಗಿ ಅವರ ತೋಟದವರೆಗೆ; ಆ ಗುಬ್ಬಿ ರಸ್ತೆಯಲ್ಲಿ ಗಾಜಿನ ಚೂರಿಗೇನು ಕೊರತೆ? ಪ್ರತಿ ಸಲವೂ ಇಳಿದು ಪಕ್ಕಕ್ಕೆ ನಿಂತು, ತಮ್ಮ ಚೀಲದ ಕಡೆ ತಿರುಗಿಯೂ ನೋಡದೆ, "ನಿನ್ ಟ್ಯೂಬ್ ಹಾಕು. ಸುಮ್ನೆ ಇಟ್ಕೊಂಡ್ರೆ ಹಳೇದಾಗುತ್ತೆ" ಎನ್ನುತ್ತಿದ್ದರು. ನಾನು ಹಾಕುತ್ತಿದ್ದೆ, ಅವರು ಬೈಯುತ್ತಿದ್ದರು. ಪರೀಕ್ಷೆ ಮಾಡುತ್ತಿದ್ದಾರೆ ಎಂದೇ ತಿಳಿದಿದ್ದೆ. ಇಂಥ ಪರೀಕ್ಷೆಗೆ ಹಲ್ಲು ಕಚ್ಚಿ ಕೂರುತ್ತಿದ್ದ ನನ್ನ ಮೇಲೂ ನನಗೆ ಅಸಹ್ಯವಾಗುತ್ತಿತ್ತು.

ಬರಬರುತ್ತ ಗುಂಪು ಕರಗಿತು. ಡಾಕ್ಟರು ಬೇರೆ ಷೋಕಿ ಹಿಡಿದರು, ಮಂಡಿಯವನ ಮೊಣಕಾಲು ನಿಜವಾಗಿಯೂ ಕೆಟ್ಟಿತು. ಭಾನುವಾರಕ್ಕೆ ಉಳಿದವರು ನಾವಿಬ್ಬರೇ. ಅಷ್ಟರಲ್ಲಿ ನಾನು ಕೊನೆಯ ಚೀಲ ಕೊಂಡಿದ್ದೆ. ಪುಟ್ಟದು, ಕಪ್ಪು, ಎರಡು ಪಟ್ಟಿಯಲ್ಲಿ ಸೀಟಿನ ತಂತಿಗೆ ಬಿಗಿಯುವಂಥದ್ದು. ಒಂದು ಟ್ಯೂಬು, ಟೈರ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ತೇಪೆ, ಮಡಚುವ ಸ್ಪ್ಯಾನರ್, ಅಷ್ಟಕ್ಕೇ ಜಾಗ; ಪಂಪು ಸೈಕಲ್ಲಿನ ಕಂಬಿಗೇ ಕಟ್ಟಿತ್ತು. ಅಲ್ಲಾಡುವುದಿಲ್ಲ, ಸದ್ದಿಲ್ಲ, ತೊಡೆಗೆ ತಾಗುವುದಿಲ್ಲ. ಹೆಮ್ಮೆಯಿಂದಲೇ ಕೇಳಿದೆ: "ಬರೋ ಭಾನುವಾರ ಅಮೃತೂರಿಗೆ ಒಬ್ಳೇ ಹೋಗ್ಲಾ ಮೇಷ್ಟ್ರೇ?"

ಅವರು ಬಗ್ಗಿ ಬಗ್ಗಿ ನೋಡಿದರು. ಗದ್ದ ಆ ಕಡೆ ಈ ಕಡೆ ಆಡಿತು.

"ಬಣ್ಣ ಸರಿಯಿಲ್ಲ" ಎಂದರು.

"ನಿಮ್ದೂ ಕಪ್ಪೇ ಅಲ್ವಾ?"

"ಇದು ಕಪ್ಪು ಜಾಸ್ತಿ ಆಯ್ತು. ಬೇಡ. ಇನ್ನೂ ಆಗಲ್ಲ ನಿಂಗೆ."

ನಾನು ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮನೆಯವರ ಮಾತಿಗೆ ಉರಿದುಬಿದ್ದವಳು ಈ ಗದ್ದದ ಮಾತಿಗೆ ತಲೆಬಾಗಿ, ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ ಮತ್ತೆ ಅವರ ಹಿಂದೆ ಗುಬ್ಬಿಗೇ ಹೋದೆ.

ಹೋದ ಶ್ರಾವಣದಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ, ಲಿಂಗೈಕ್ಯರಾದರು. ಶಿವಗಣಾರಾಧನೆಯ ದಿನ ಊಟ ಮುಗಿಸಿ ಹೊರಟಿದ್ದೆ. ಅವರ ಹೆಂಡತಿ ಒಳಗೆ ಕರೆದು ಆ ಅಂಗೈಯಷ್ಟು ಚೀಲವನ್ನು ಕೈಗಿಟ್ಟರು. "ತಗೋಮ್ಮ. ನಿಂಗೇ ಕೊಡ್ಬೇಕು ಅಂತಿದ್ರು. ಪಾಪ ಅವ್ಳಿಗೆ ಬ್ಯಾಗ್ ಆರ್ಸೋಕ್ ಬರಲ್ಲ ಅಂತ."

ಸತ್ತ ಮೇಲೂ ಬಿಡಲಿಲ್ಲವಲ್ಲ ಎಂದುಕೊಂಡು ಜಿಪ್ ಎಳೆದೆ. ಒಳಗೆ ತೆಂಗಿನ ನಾರು. ಟ್ಯೂಬಿಲ್ಲ, ಸ್ಪ್ಯಾನರಿಲ್ಲ, ಒತ್ತಿ ಒತ್ತಿ ತುಂಬಿದ ಬರೀ ನಾರು.

"ಇನ್ನೇನಿರುತ್ತಮ್ಮ?" ಎಂದರು ಆಕೆ. "ಅವ್ರ ಹೆಬ್ಬೆಟ್ಟುಗಳಲ್ಲಿ ಶಕ್ತಿ ಹೋಗಿ ಎಷ್ಟು ಕಾಲ ಆಗಿತ್ತು! ಬ್ರೇಕ್ ಹಿಡಿಯೋಕೆ ಬೇರೆ ಬೆರಳು ಸಾಕಾಗ್ತಿತ್ತು, ಅಂಗಿ ಗುಂಡಿ ನಾನೇ ಹಾಕ್ಬೇಕು. ಚೀಲ ಖಾಲಿ ಇದ್ರೆ ಸೊಟ್ಟಗೆ ಕಾಣುತ್ತೆ ಅಂತ ತೋಟದಿಂದ ನಾರು ತಂದು ತುಂಬಿಸ್ಕೊಂಡ್ರು. ನೀನು ಬರಲ್ಲ ಅಂದ್ರೆ ಆ ಭಾನ್ವಾರ ಸೈಕಲ್ ಮುಟ್ತಿರ್ಲಿಲ್ಲ ಕಣಮ್ಮ. ದಾರೀಲಿ ಏನಾದ್ರೂ ಆದ್ರೆ ಯಾರ್ ಹತ್ರ ಕೇಳ್ಲಿ ಅನ್ನೋರು."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಪ್ಪು ಜಾಸ್ತಿಯಂತೆ! ನಾನು ಅಮೃತೂರಿನ ದಾರಿ ಹಿಡಿದರೆ ಇವರು ಗುಬ್ಬಿಯ ದಾರಿ ಮರೆಯಬೇಕಾಗುತ್ತಿತ್ತು, ಅದಕ್ಕೆ. ಕೈಲಾಗುವುದಿಲ್ಲ, ಜೊತೆಗೆ ಬಾರಮ್ಮ ಎಂದು ಒಂದು ಮಾತು ಕೇಳಲು ಆಗದೆ, ನನ್ನ ಭಾನುವಾರಗಳನ್ನೆಲ್ಲ ಬೈದು ಬೈದು ಕಿತ್ತುಕೊಂಡ ಮನುಷ್ಯ.

ಮುಂದಿನ ಭಾನುವಾರ ಯಾರನ್ನೂ ಕೇಳದೆ ಹೊರಟೆ. ಮೇಷ್ಟ್ರ ಚೀಲ ನಾರಿನ ಸಮೇತ ಮನೆಯ ಮೊಳೆಗೆ ನೇತುಹಾಕಿದ್ದೆ. ಸೀಟಿನ ಕೆಳಗೆ ನನ್ನ ಕಪ್ಪು ಜಾಸ್ತಿಯಾದ ಚೀಲ. ಕುಣಿಗಲ್ ದಾಟಿದ ಮೇಲೆ ಹಿಂದಿನ ಚಕ್ರ ಕೂತುಹೋಯಿತು. ತೆಂಗಿನ ತೋಟದ ಬೇಲಿ ಪಕ್ಕ ಇಳಿದೆ, ಟೈರು ಎಬ್ಬಿಸಿದೆ, ಟ್ಯೂಬು ಬದಲಾಯಿಸಿ ಹೆಬ್ಬೆರಳಲ್ಲಿ ಒತ್ತಿದೆ, ಟಪ್ಪೆಂದು ಕೂತಿತು, ಗಾಳಿ ಹೊಡೆದೆ. ಬೈಯುವವರು ಯಾರೂ ಇರಲಿಲ್ಲ. ಫೋನು ಜೇಬಿನಿಂದ ತೆಗೆಯಲೇ ಇಲ್ಲ.

ಅಕ್ಕ ಬಾಗಿಲಲ್ಲೇ ಬಾಯಿ ತೆರೆದು ನಿಂತಳು. ಮಸಿಯಾದ ಕೈ ತೊಳೆಯಲು ನೀರು ಹಾಕುತ್ತ, "ಪಂಚರ್ ನೀನೇ ಹಾಕ್ದಾ? ಯಾರೇ ಕಲ್ಸಿದ್ದು?" ಎಂದಳು.

"ಒಬ್ಬ ಕಳ್ಳ ಮೇಷ್ಟ್ರು" ಎಂದೆ. ಟೈರು ಒತ್ತಿದ ಹೆಬ್ಬೆರಳು ಇನ್ನೂ ನೋಯುತ್ತಿತ್ತು. ಅದನ್ನೇ ನೋಡುತ್ತ ನಿಂತವಳಿಗೆ ತಡೆಯಲಾಗದೆ ಅಳು ಬಂತು.