ಭೀಮನಬೀಡು ರಸ್ತೆಯ ಮೋಹಿನಿ

ಭೀಮನಬೀಡಿನ ರಸ್ತೆಯಲ್ಲಿ ಬೆಳಗಿನ ಮಂಜಿನೊಳಗೆ ಗೆಜ್ಜೆ ಕಟ್ಟಿಕೊಂಡು ಓಡುತ್ತದೆ ಎಂದು ಜನ ಹೇಳುತ್ತಿದ್ದ ಮೋಹಿನಿ ನಾನೇ. ಇಷ್ಟು ಈಗ ಕೆಲವರಿಗೆ ಗೊತ್ತು. ಗೊತ್ತಾದವರು ನಕ್ಕು ಸುಮ್ಮನಾಗಿದ್ದಾರೆ. ಆದರೆ ಅದರ ಜೊತೆಗೆ ನಾನೊಂದು ಸುಳ್ಳು ಹೇಳಿದ್ದೇನೆ — ಆ ದಿನ ಹೆದರಿಕೊಂಡೆ ಎಂದು. ನಾನು ಹೆದರಿರಲಿಲ್ಲ. ಹೆದರಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿಯಿದೆ. ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ನಲವತ್ತು ದಾಟಿದ ಮೇಲೆ, ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ, ದಿನಾ ನಡೆಯಿರಿ ಎಂದರು ಡಾಕ್ಟರು. ನಡೆದೆ. ನಡಿಗೆ ಯಾವಾಗ ಓಟವಾಯಿತೋ ನನಗೇ ತಿಳಿಯಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಅರ್ಧ ಆಯುಷ್ಯ ಕಳೆದವಳಿಗೆ ರಸ್ತೆಯಲ್ಲಿ ಮೈ ನೆಟ್ಟಗಾಗುವುದೇ ಒಂದು ಸುಖ. ಮೈಸೂರಿನ ಓಟಗಾರರ ವಾಟ್ಸ್ಯಾಪ್ ಗುಂಪಿಗೆ ಸೇರಿದೆ. ಅವರ ಮಾತು ಕೇಳಿ ಬೆಂಗಳೂರಿನ ಮ್ಯಾರಥಾನಿಗೆ ಹೆಸರು ಕೊಟ್ಟೆ. ಪೂರ್ತಿ ನಲವತ್ತೆರಡು ಕಿಲೋಮೀಟರ್.

ಅಲ್ಲಿಂದ ಶುರುವಾಯಿತು ಚಿಂತೆ. ಓಟದ ದಿನಕ್ಕೆ ಮುಂಚೆ ಒಮ್ಮೆಯಾದರೂ ಮೂವತ್ತೆರಡು ಓಡಿರಬೇಕು ಎಂದರು ಗುಂಪಿನವರು. ಇಪ್ಪತ್ತೆಂಟು ಸಾಕು ಎಂದರು ಒಬ್ಬರು. ಮೂವತ್ತೈದಾದರೂ ಆಗದಿದ್ದರೆ ಕೊನೆಯಲ್ಲಿ ಕಾಲು ಸತ್ತುಹೋಗುತ್ತದೆ ಎಂದರು ಇನ್ನೊಬ್ಬರು. ನಾನು ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಸೋತಿದ್ದೆ. ಎರಡನೆಯ ಸಲ ಹಂಗಳದ ಹತ್ತಿರ ನೀರು ಕುಡಿಯಲು ಒಂದು ನಿಮಿಷ ನಿಂತದ್ದೇ ತಪ್ಪಾಯಿತು — ಮತ್ತೆ ಹೆಜ್ಜೆ ಎತ್ತಲು ಹೋದರೆ ತೊಡೆಗಳು ಮರದ ಕೊರಡು. ಬಸ್ಸು ಹತ್ತಿ ಮನೆಗೆ ಬಂದೆ. ಕಂಡಕ್ಟರು ನನ್ನ ಬೆವರು ನೋಡಿ ಸೀಟು ಬಿಡಿಸಿಕೊಟ್ಟರು. ಅವತ್ತಿನಿಂದ ನಿಲ್ಲುವುದು ಎಂದರೇ ನನಗೆ ಆಗದು. ಬಟ್ಟೆ ಕತ್ತರಿಸುವಾಗಲೂ ಅದೇ ಲೆಕ್ಕ — ಇಷ್ಟು ಓಡದ ಕಾಲು ಅಷ್ಟು ಹೇಗೆ ಓಡೀತು? ಗಿರಾಕಿಗಳು ಮಾತಾಡುತ್ತಿದ್ದರೆ ನಾನು ತಲೆಯಾಡಿಸುತ್ತ ಮನಸ್ಸಿನಲ್ಲಿ ಕಿಲೋಮೀಟರ್ ಕೂಡಿಸುತ್ತಿದ್ದೆ.

ಹೆದ್ದಾರಿಯಲ್ಲಿ ಲಾರಿಗಳ ಕಾಟ. ಅದಕ್ಕೇ ಮೂರನೆಯ ಸಲ ಭೀಮನಬೀಡಿನ ಕಡೆಯ ರಸ್ತೆ ಹಿಡಿದೆ. ಹೋದ ದಾರಿಯಲ್ಲೇ ಹಿಂತಿರುಗಿ ಬರುವುದು ಎಂದು ಲೆಕ್ಕ. ಧನುರ್ಮಾಸ, ಭಾನುವಾರ. ಬೆಳಕು ಬರುವ ಹೊತ್ತಿಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆ ನನ್ನ ಪಾದದಿಂದ ಒಂದು ಮಾರು ಮುಂದಕ್ಕೆ ಮಾತ್ರ ಇತ್ತು. ಎರಡೂ ಕಡೆ ಹೊಲವಿದೆಯೋ ಕೆರೆಯಿದೆಯೋ ಕಾಣದು. ಸೊಂಟದ ಚೀಲದಲ್ಲಿದ್ದ ಮನೆಯ, ಅಂಗಡಿಯ ಬೀಗದ ಕೈಗಳು ಹೆಜ್ಜೆಗೊಮ್ಮೆ ಝಲ್ ಎನ್ನುತ್ತಿದ್ದವು. ಅದೊಂದೇ ಸದ್ದು. ಆ ದಿನ ಕಾಲು ನನ್ನ ಮಾತು ಕೇಳುತ್ತಿತ್ತು — ಇವತ್ತು ಆಗುತ್ತದೆ ಎಂದು ಮೈಗೇ ಗೊತ್ತಾಗಿತ್ತು.

ಒಂದು ಮೋರಿ ದಾಟುವಾಗ ಕೆಳಗಿನಿಂದ ದನಿ ಬಂತು. ಮಂಜೇ ಮಾತಾಡಿದ ಹಾಗೆ.

"ಯಾರದು... ವಸಿ ನಿಂತ್ಕಳಿ. ಬಿದ್ಬುಟ್ಟಿವ್ನಿ."

ಹೆಂಗಸಿನ ದನಿ. ವಯಸ್ಸಾದವರದು. ಸ್ಪಷ್ಟವಾಗಿ ಕೇಳಿಸಿತು — ಒಂದಕ್ಷರವೂ ತಪ್ಪದೆ. ನಾನು ಕೈಗಡಿಯಾರ ನೋಡಿದೆ. ಎಷ್ಟು ದೂರ ಓಡಿದ್ದೇನೆಂದು ನೋಡಿದೆ. ಇಲ್ಲಿ ನಿಂತರೆ... ಮುಂದಿನ ಮಾತು ನಾನು ಯೋಚಿಸಲೂ ಇಲ್ಲ, ಬಾಯೇ ಹೇಳಿತು.

"ಬರ್ತೀನಿ."

ಹೇಳಿ ಓಡಿದೆ. ಹಿಂತಿರುಗಿ ಬರುವಾಗ ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಬೇರೆ ಯಾರಾದರೂ ಬಂದಿರುತ್ತಾರೆ ಎಂದುಕೊಂಡೆ. ಎಂದುಕೊಳ್ಳುವುದಕ್ಕೇನು, ಓಡುತ್ತ ಓಡುತ್ತ ಎಷ್ಟು ಬೇಕಾದರೂ ಎಂದುಕೊಳ್ಳಬಹುದು.

ತಿರುಗಿ ಬರುವಾಗಲೂ ಮಂಜು ಕರಗಿರಲಿಲ್ಲ. ಮೋರಿ ಹತ್ತಿರವಾಗುತ್ತಿದ್ದ ಹಾಗೆ ಕಿವಿ ಕೊಟ್ಟೆ. ದನಿ ಇರಲಿಲ್ಲ. ಆದರೆ ಸ್ಟೀಲ್ ಕ್ಯಾನಿಗೆ ಕಲ್ಲಿನಿಂದ ಬಡಿಯುವ ಸದ್ದು — ಟಣ್, ಆಮೇಲೆ ತುಂಬ ಹೊತ್ತು ಬಿಟ್ಟು ಇನ್ನೊಂದು ಟಣ್. ನನ್ನ ಬೀಗದ ಕೈಗಳ ಸದ್ದು ಕೇಳಿದ್ದೇ ಆ ಬಡಿತ ಜೋರಾಯಿತು, ಆತುರವಾಯಿತು. ನಾನು ಬಲಗೈಯಿಂದ ಚೀಲವನ್ನು ಸೊಂಟಕ್ಕೆ ಒತ್ತಿ ಹಿಡಿದೆ. ಬೀಗದ ಕೈಗಳು ಸುಮ್ಮನಾದವು. ಸುಮ್ಮನಾಗಿಸಿಕೊಂಡು ಓಡಿದೆ. ಆ ಜಾಗದಲ್ಲಿ ನನ್ನ ವೇಗ ಹೆಚ್ಚಾಗಿತ್ತು ಎಂದು ಆಮೇಲೆ ಗಡಿಯಾರವೇ ತೋರಿಸಿತು.

ಮೂವತ್ತೆರಡು ಮುಗಿಯಿತು. ಮನೆಯ ಬಾಗಿಲಲ್ಲಿ ಕುಳಿತು ಅತ್ತೆ — ಖುಷಿಗೆ. ಆ ಅಳುವನ್ನೂ ಇಲ್ಲಿ ಬರೆದುಬಿಡಬೇಕು.

ಬಿದ್ದಿದ್ದವರು ಚಿಕ್ಕತಾಯಮ್ಮ. ಅದೇ ರಸ್ತೆಯ ಪಕ್ಕದ ಮನೆಯವರು. ಮಗ, ಸೊಸೆ ಮದುವೆಗೆಂದು ಚಾಮರಾಜನಗರಕ್ಕೆ ಹೋಗಿದ್ದರಿಂದ, ಡೈರಿಗೆ ಹಾಲು ಹಾಕಲು ತಾವೇ ಹೊರಟಿದ್ದರು. ಮಂಜಿನಲ್ಲಿ ಮೋರಿಯ ಅಂಚು ಕಾಣದೆ ಜಾರಿ ತೊಡೆಯ ಮೂಳೆ ಮುರಿದಿತ್ತು. ಬಿಸಿಲು ಬಂದ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದವರು ಕಂಡು ಎತ್ತಿದರಂತೆ. ಇದನ್ನೆಲ್ಲ ನನಗೆ ಹೇಳಿದವಳು ಅವರ ಸೊಸೆ ಶೋಭಾ. ಅವಳು ನನ್ನ ಅಂಗಡಿಯ ಗಿರಾಕಿ. ಆಪರೇಷನ್ ಆಗಿ ಅತ್ತೆಯ ತೊಡೆಗೆ ರಾಡ್ ಹಾಕಿದ್ದಾರೆ ಎಂದಳು. ಕಾಲಿನದು ದೊಡ್ಡ ವಿಷಯವಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಗೆಜ್ಜೆ ಸದ್ದು ಬಂತಂತಕ್ಕ. ಬರ್ತೀನಿ ಅಂತಂತೆ. ಅದು ಅಂದ್ಮೇಲೆ ಬರ್ದೆ ಇದ್ದದಾ?"

ಅಳತೆ ಹಾಕಿದ್ದ ಬಟ್ಟೆ ನನ್ನ ಕೈಯಲ್ಲಿ ಓರೆಯಾಗಿ ಕತ್ತರಿಸಿಹೋಯಿತು.

ಮೋಹಿನಿ ಬರುತ್ತಾಳೆಂದು ಚಿಕ್ಕತಾಯಮ್ಮ ಕಾಯುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ತಮ್ಮನ್ನು ಬಾಗಿಲ ಕಡೆಗೆ ಮಗ್ಗುಲಾಗಿಸಲು ಹೇಳುತ್ತಿದ್ದರಂತೆ. ಕಣ್ಣು ಮುಚ್ಚುತ್ತಿರಲಿಲ್ಲವಂತೆ. ಕೊಳ್ಳೇಗಾಲದ ಕಡೆಯಿಂದ ತಾಯತ ತಂದು ಕಟ್ಟಿದರು. ಮೋರಿಗೆ ನಿಂಬೆಹಣ್ಣು, ಬೇವಿನ ಸೊಪ್ಪು ಕಟ್ಟಿದರು. ಹಾಲಿನವರು ಬಿಸಿಲು ಬಂದ ಮೇಲೆಯೇ ಆ ದಾರಿಯಲ್ಲಿ ಹೋಗತೊಡಗಿದರು. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ಪಕ್ಕದಲ್ಲೇ ನಿಂತು ನನ್ನ ಕಥೆ ಹೇಳಿದರು. ಅವಳಿಗೆ ಪಾದ ಹಿಂದು ಮುಂದು, ನೆಲ ಮುಟ್ಟುವುದಿಲ್ಲ ಎಂದರು. ನಾನು ನನ್ನ ಪಾದ ನೋಡಿಕೊಂಡೆ. ನಿಜವಾಗಿ ನೋಡಿಕೊಂಡೆ.

ನಾನು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಬೆಂಗಳೂರಿಗೆ ಹೋಗಿ ಓಡಿದೆ, ಮುಗಿಸಿದೆ, ಕೊರಳಿಗೆ ಪದಕ ಹಾಕಿಸಿಕೊಂಡೆ. ನನಗೆ ನೆನಪಿರುವುದು ಇಷ್ಟೇ — ಕೊನೆಯ ಕಿಲೋಮೀಟರುಗಳಲ್ಲಿ ರಸ್ತೆಯ ಬದಿ ಜನ ತಟ್ಟೆ ಬಡಿದು ಹುರಿದುಂಬಿಸುತ್ತಿದ್ದರು. ಆ ಸದ್ದಿಗೆ ನನ್ನ ಬಲಗೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು.

ಹಿಂತಿರುಗಿ ಬಂದ ವಾರವೇ ಶೋಭಾ ಒಂದು ಹೊಸ ರವಿಕೆ ಬಟ್ಟೆ ತಂದಳು. ಹಸಿರು. ಅತ್ತೆ ಊಟ ಬಿಟ್ಟಿದ್ದಾರೆ, ಅದು ಬಂದು ಕರೆದಾಗ ಹಳೆಯ ರವಿಕೆಯಲ್ಲಿ ಹೋಗುವುದಿಲ್ಲ ಎನ್ನುತ್ತಿದ್ದಾರೆ, ಸೀರೆ ತೆಗೆದಿಟ್ಟುಕೊಂಡಿದ್ದಾರೆ ಎಂದಳು. ಅಳತೆಗೆ ಕೊಡಲು ಇದ್ದ ಹಳೆಯ ರವಿಕೆ ಈಗ ಅವರಿಗೆ ದೊಗಳೆಯಂತೆ. ಮನೆಗೆ ಬಂದು ಅಳತೆ ತಗೊಳ್ಳುತ್ತೀರಾ ಎಂದು ಕೇಳಿದಳು.

ಹೋದೆ. ಚಿಕ್ಕತಾಯಮ್ಮ ಮಂಚದ ಮೇಲೆ ಕೂತಿದ್ದರು, ಬಾಗಿಲ ಕಡೆ ಮುಖ ಮಾಡಿ. ಇಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ ಹೇಗೆ ಬಂದಿತ್ತೋ. ಶೋಭಾ ಕಾಫಿ ತರಲು ಒಳಗೆ ಹೋದಳು. ನಾನು ಟೇಪು ತೆಗೆದು ಅವರ ಬೆನ್ನಿನ ಸುತ್ತ ತರಲು ಬಗ್ಗಿದೆ. ಹೆಗಲ ಚೀಲದಲ್ಲಿದ್ದ ಬೀಗದ ಕೈಗಳು ಝಲ್ ಎಂದವು.

ಅವರ ಮೈ ಸೆಟೆದುಕೊಂಡಿತು. ಆಮೇಲೆ ನನ್ನ ಮಣಿಕಟ್ಟು ಹಿಡಿದರು — ಬಿಸಿಯಾಗಿದೆಯೋ ಎಂದು ನೋಡುವವರ ಹಾಗೆ.

"ನೀನಾ?" ಎಂದರು.

ನಾನು ಹೂಂ ಎಂದೆ. ಅವರು ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಹೆಂಗಸು, ಬರೀ ಹೆಂಗಸು ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು ಅಷ್ಟೇ. ಕೊನೆಗೆ ಅವರೇ ಕೇಳಿದರು.

"ಎದುರ್ಕಂಡ್ಯಾ?"

ಹೂಂ, ಹೆದರಿಕೊಂಡೆ ಎಂದುಬಿಟ್ಟೆ. ಅವರೇ ಕೈಗೆ ಕೊಟ್ಟ ಮಾತು ಅದು. ತೆಗೆದುಕೊಂಡೆ.

ಒಂಟಿ ಹೆಂಗಸು, ಮಂಜಿನಲ್ಲಿ ಯಾರೋ ಕೂಗಿದರೆ ಯಾರಿಗೆ ತಾನೇ ಭಯವಾಗುವುದಿಲ್ಲ ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು. ಶೋಭಾಳನ್ನು ಕರೆದು ನಗುತ್ತ ಹೇಳಿದರು. ಆ ಮಧ್ಯಾಹ್ನ ಮುದ್ದೆ ಉಂಡರಂತೆ. ತಾಯತ ಬಿಚ್ಚಿಸಿದರು. ವಾಕರ್ ಹಿಡಿದು ನಡೆಯಲು ಕಲಿತರು. ನಾನು ಹೊಲಿದುಕೊಟ್ಟ ಹಸಿರು ರವಿಕೆ ಹಾಕಿಕೊಂಡು ನೆಂಟರ ಮನೆಗೆ ಹೋಗಿಬಂದರು. ಎಲ್ಲವೂ ಒಳ್ಳೆಯದೇ ಆಯಿತು ಎಂದು ನಾನೂ ನಂಬಿದೆ.

ಮುಂದಿನ ಚಳಿಗಾಲ ಬಂತು. ನಾನು ಮತ್ತೆ ಅದೇ ರಸ್ತೆಯಲ್ಲಿ ಓಡತೊಡಗಿದೆ. ಮೊದಲ ಭಾನುವಾರ, ಮಂಜಿನಲ್ಲಿ ಅವರ ಮನೆ ಇರಬೇಕಾದ ಕಡೆಯಿಂದ ದನಿ ಬಂತು.

"ನಾನಿವ್ನಿ ಕಣವ್ವ. ಎದುರ್ಕಬ್ಯಾಡ, ಓಗು."

ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದರು. ನನಗಾಗಿ. ಅಷ್ಟು ಚಳಿಯಲ್ಲಿ, ರಾಡ್ ಹಾಕಿದ ಕಾಲಿಟ್ಟುಕೊಂಡು. ಆ ಚಳಿಗಾಲವೆಲ್ಲ ಹಾಗೇ ಕೂತರು. ಯಾರೂ ಕಾಣದ ಬಿಳಿಯೊಳಗಿನಿಂದ ಆ ದನಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮೋಹಿನಿಯ ಮಾತಿಗೆ ಅವರು ಎಷ್ಟು ನಡುಗಿದ್ದರೋ, ಅವರ ಮಾತಿಗೆ ನಾನು ಅಷ್ಟು ನಡುಗುತ್ತಿದ್ದೆ. ಆದರೂ ಕೈ ಬೀಸಿ ಓಡುತ್ತಿದ್ದೆ. ಆದರೂ...

ಈ ಸಲ ಮಂಜು ಶುರುವಾದ ಮೇಲೆ ಒಂದು ದಿನ ಓಟ ಬಿಟ್ಟು ಅವರ ಪಕ್ಕ ಹೋಗಿ ಕೂತೆ. ಹೇಳಿದೆ. ಹೆದರಿರಲಿಲ್ಲ, ನಿಂತರೆ ಓಟ ಕೆಡುತ್ತದೆ ಎಂದು ನಿಲ್ಲಲಿಲ್ಲ, ಬರುವಾಗ ಬಡಿತವೂ ಕೇಳಿಸಿತ್ತು, ಬೀಗದ ಕೈಗಳನ್ನು ಒತ್ತಿ ಹಿಡಿದಿದ್ದೆ — ಎಲ್ಲ ಹೇಳಿದೆ. ಮುಗಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು.

"ನಾನು ಬಿದ್ದಿದ್ದು ರೋಡಿಂದ ಎಷ್ಟು ದೂರ ಇತ್ತವ್ವ?"

ಅವರ ಅಂಗಳದಲ್ಲಿ ಹಸು ಕಟ್ಟುವ ಗೂಟವೊಂದಿತ್ತು. ಇಲ್ಲಿಂದ ಅಲ್ಲಿಗೆ, ಅಷ್ಟೇ ಎಂದು ತೋರಿಸಿದೆ. ಅವರು ಆ ಗೂಟವನ್ನು ನೋಡುತ್ತ ಕೂತರು. ಆಮೇಲೆ ವಾಕರ್ ಎಳೆದುಕೊಂಡು, ನಾನು ಎತ್ತಲು ಚಾಚಿದ ಕೈಯನ್ನು ಹಿಡಿಯದೆ, ಒಳಗೆ ಹೋದರು.

ಮುಂದಿನ ಭಾನುವಾರ ಜಗಲಿ ಖಾಲಿಯಿತ್ತು. ಮುಚ್ಚಿದ ಬಾಗಿಲಿನ ಆಚೆ ವಾಕರಿನ ಕಾಲುಗಳು ನೆಲಕ್ಕೆ ತಾಗುವ ಸದ್ದು ಕೇಳುತ್ತಿತ್ತು. ನನ್ನ ಹೆಜ್ಜೆ ಹತ್ತಿರವಾದಂತೆ ಆ ಸದ್ದು ನಿಂತಿತು. ನಾನೂ ನಿಂತೆ. ಬಾಗಿಲಿನ ಈಚೆ ನಾನು, ಆಚೆ ಅವರು. ಬಾಗಿಲು ತೆರೆಯಲಿಲ್ಲ.

ಇನ್ನೂ ತೆರೆದಿಲ್ಲ. ಪ್ರತಿ ಭಾನುವಾರ ಅಲ್ಲಿಯವರೆಗೆ ಹೋಗುತ್ತೇನೆ. ಬಿಸಿಲು ಬರುವವರೆಗೆ ಅಂಗಳದಲ್ಲಿ ನಿಂತಿದ್ದು, ನಡೆದುಕೊಂಡು ಊರಿಗೆ ಬರುತ್ತೇನೆ.