ತೋಪು ಉಳಿಸಿದವರು

ನಮ್ಮ ಅಪಾರ್ಟ್‌ಮೆಂಟು ನಿಂತಿರುವುದು ನಮ್ಮ ತಾತನ ರಾಗಿ ಹೊಲದ ಮೇಲೆ. ಯಲಹಂಕದಾಚೆಯ ಆ ಹೊಲವನ್ನು ಚಿಕ್ಕಪ್ಪ ಬಿಲ್ಡರ್ ಒಬ್ಬರಿಗೆ ಒಪ್ಪಿಸಿದಾಗ ನಮ್ಮ ಪಾಲಿಗೆ ಮೂರನೇ ಮಹಡಿಯ ಫ್ಲಾಟು ಬಂತು. ಹಾಗಾಗಿ ನಾನು ಈಗಲೂ ಹುಟ್ಟಿದೂರಲ್ಲೇ ಇದ್ದೇನೆ, ಸ್ವಲ್ಪ ಮೇಲೆ ಅಷ್ಟೆ. ಚಿಕ್ಕಪ್ಪ ಆ ಕೆಲಸ ನೋಡುತ್ತಾ ನೋಡುತ್ತಾ ತಾವೇ ಬಿಲ್ಡರ್ ಆಗಿಬಿಟ್ಟರು.

ಕಟ್ಟಡದ ಹಿಂದೆ ಊರಿನ ಗುಂಡುತೋಪಿದೆ. ಹುಣಸೆ, ಹೊಂಗೆ, ಒಂದಿಷ್ಟು ನೇರಳೆ. ಅದಕ್ಕೆ ಅಂಟಿಕೊಂಡು ಮರವೇ ಇಲ್ಲದ ಒಂದು ಸರ್ಕಾರಿ ತುಂಡು ಜಾಗ. ನಮ್ಮ ಅಪಾರ್ಟ್‌ಮೆಂಟು ಕಟ್ಟಿದಾಗ ಉಳಿದ ಒಡೆದ ಇಟ್ಟಿಗೆ, ಕಾಂಕ್ರೀಟು ಚೂರು ಎಲ್ಲ ಅಲ್ಲೇ ಸುರಿದಿದ್ದರು. ಆ ತುಂಡಿನಲ್ಲಿ ಊರಿನ ಸೈಟಿಲ್ಲದವರಿಗೆ ಮನೆ ಕಟ್ಟಿಕೊಡುತ್ತಾರೆಂದು ಸುದ್ದಿಯಾಯಿತು. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವಳ ಹೆಸರೂ ಅದರ ಪಟ್ಟಿಯಲ್ಲಿತ್ತು. ಅವಳು ನಾನು ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಗಂಡ ಮಕ್ಕಳ ಜೊತೆ ಭಾವನ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿದ್ದಳು.

ಸುದ್ದಿ ತಿಳಿದದ್ದೇ ನಮ್ಮ ಅಪಾರ್ಟ್‌ಮೆಂಟಿನವರಿಗೆ ಇದ್ದಕ್ಕಿದ್ದಂತೆ ಮರಗಳ ಮೇಲೆ ಪ್ರೀತಿ ಉಕ್ಕಿತು. ನಾಯಿಗಳನ್ನು ಹೊರಗೆ ಕರೆದೊಯ್ಯುವಾಗ ಬಿಟ್ಟರೆ ತೋಪಿಗೆ ಕಾಲಿಡದವರು ಹಸಿರು ಟೀ ಶರ್ಟು ಹೊಲಿಸಿಕೊಂಡರು. 'ಪರಿಸರ ಉಳಿಸಿ' ಎಂಬ ಪ್ಲಾಸ್ಟಿಕ್ ಫ್ಲೆಕ್ಸನ್ನು ಹುಣಸೆ ಮರಕ್ಕೇ ಮೊಳೆ ಹೊಡೆದು ಕಟ್ಟಿದರು.

ಭಾನುವಾರ ಬೆಳಿಗ್ಗೆ ಕ್ಲಬ್ ಹೌಸಿನಲ್ಲಿ ಸಭೆ. ಯಾವುದೋ ದೊಡ್ಡ ಕಂಪನಿಯಿಂದ ನಿವೃತ್ತರಾದ ನಮ್ಮ ಅಧ್ಯಕ್ಷರು ಎ.ಸಿ. ಹಾಕಿಸಿ, ಶುದ್ಧ ಗಾಳಿಯ ಬಗ್ಗೆ ತುಂಬ ಹೊತ್ತು ಮಾತಾಡಿದರು. ಅವರಾದ ಮೇಲೆ ಚಿಕ್ಕಪ್ಪ ಎದ್ದು ಕೈಮುಗಿದು, ಇದು ನಮ್ಮ ಹಿರಿಯರು ನೆಟ್ಟ ತೋಪು, ಒಂದು ಎಲೆ ಮುಟ್ಟಲೂ ಬಿಡುವುದಿಲ್ಲ ಎಂದರು. ಊರಿನ ನೀರಿನ ಕುಂಟೆಗೆ ಲಾರಿಗಟ್ಟಲೆ ಮಣ್ಣು ತುಂಬಿಸಿ ಮುಚ್ಚಿದವರು ಇವರೇ. ತೋಪಿನ ಆ ಬದಿಗೆ ಅವರ ಹೊಸ ಕಟ್ಟಡ ಏಳುವುದಿತ್ತು. ಕಿಟಕಿ ತೆರೆದರೆ ಕಾಡು ಎಂದು ಜಾಹೀರಾತು ಆಗಲೇ ಬಂದಿತ್ತು. ಕಿಟಕಿ ತೆರೆದರೆ ಬಡವರು ಎಂದರೆ ಯಾರು ಕೊಳ್ಳುತ್ತಾರೆ?

ನಾನು ಎದ್ದು ನಿಂತೆ. ತೋಪಿಗೆ ಬೇಲಿ ಹಾಕಿ ಪ್ರತಿ ಮರವನ್ನೂ ಉಳಿಸೋಣ, ಮನೆಗಳು ಪಕ್ಕದ ಇಟ್ಟಿಗೆ ಚೂರಿನ ಜಾಗದಲ್ಲಿ ಬರಲಿ, ಎರಡಕ್ಕೂ ಜಾಗವಿದೆ ಎಂದೆ. ಅಧ್ಯಕ್ಷರು ಮಗುವಿನ ಮಾತು ಕೇಳಿದವರಂತೆ ನಕ್ಕರು.

"ಮೇಡಂ, ಬಡವರಿಗೆ ಮನೆ ಬೇಡ ಅಂತ ಯಾರೂ ಹೇಳ್ತಿಲ್ಲ. ಇಲ್ಲಿ ಬೇಡ ಅಂತಿದೀವಿ, ಅಷ್ಟೆ."

ಚಪ್ಪಾಳೆ ಬಿತ್ತು. ನಾವು ಕೂತಿರೋ ಜಾಗವೂ ಹಸಿರು ಹೊಲವೇ ಆಗಿತ್ತಲ್ಲ ಎಂದು ಕೇಳಿದ್ದಕ್ಕೆ ಎಮೋಷನಲ್ ಆಗಬೇಡಿ ಎಂದರು. ಹೊರಗೆ ಬಂದಾಗ ಚಿಕ್ಕಪ್ಪ ತಡೆದು ನಿಲ್ಲಿಸಿದರು.

"ನೀನು ನಮ್ ಕಡೆನೋ, ಅವರ ಕಡೆನೋ?"

"ಅವರು ಅಂದ್ರೆ ಯಾರು ಚಿಕ್ಕಪ್ಪ? ನಮ್ ಬೀದಿಯವರೇ ತಾನೆ?"

ಅವರು ಫೋನು ತೆಗೆದು ಕಿವಿಗಿಟ್ಟುಕೊಂಡು ಕಾರಿನ ಕಡೆ ನಡೆದರು. ಫೋನು ರಿಂಗಾಗಿರಲಿಲ್ಲ.

ಅರ್ಜಿ, ಮೆರವಣಿಗೆ, ಓಡಾಟ ಎಲ್ಲ ಫಲಿಸಿ ಮನೆ ಯೋಜನೆ ಅಲ್ಲಿಂದ ಎದ್ದುಹೋಯಿತು. ಹೆಸರಘಟ್ಟದಿಂದಲೂ ಆಚೆ, ದನ ಮೇಯುತ್ತಿದ್ದ ಒಂದು ಬಯಲಿನಲ್ಲಿ ಆ ಮನೆಗಳು ಎದ್ದವು. ಆ ಬಯಲಿಗಾಗಿ ಯಾರೂ ಟೀ ಶರ್ಟು ಹೊಲಿಸಲಿಲ್ಲ.

ಹಾಗೆ ಉಳಿದ ತೋಪನ್ನು ಆಮೇಲೆ ನಮ್ಮ ಅಸೋಸಿಯೇಷನ್ನಿನವರು ನೋಡಿಕೊಳ್ಳುತ್ತೇವೆಂದು ವಹಿಸಿಕೊಂಡು, ಬೇಲಿ ಗೇಟು ಹಾಕಿ ಅಭಿವೃದ್ಧಿ ಮಾಡಿದರು. ವಾಕಿಂಗಿಗೆಂದು ಟೈಲ್ಸು ಹಾಸಿ, ಬುಡಗಳ ಸುತ್ತ ಸಿಮೆಂಟು ಬಳಿದರು. ಹಣ್ಣು ಬಿದ್ದು ಟೈಲ್ಸಿಗೆ ಕಲೆಯಾಗುತ್ತದೆಂದು ನೇರಳೆ ಮರಗಳನ್ನು ಕಡಿಸಿದರು. ಕಡಿಸಿದವರು ಹಸಿರು ಟೀ ಶರ್ಟಿನವರೇ. ಮನೆ ಬರಬೇಕಿದ್ದ ತುಂಡು ಜಾಗ ಅತಿಥಿಗಳ ಕಾರು ನಿಲ್ಲಿಸುವ ಜಾಗವಾಯಿತು. ಹುಣಸೆಕಾಯಿ ಬಡಿಯಲು ಬಂದ ಊರಿನ ಹೆಂಗಸರನ್ನು ವಾಚ್‌ಮನ್ ಗೇಟಿನಲ್ಲೇ ತಡೆದ. ನಾನು ಅಸೋಸಿಯೇಷನ್ ಬಿಟ್ಟೆ. ಯಾರೂ ಏಕೆಂದು ಕೇಳಲಿಲ್ಲ.

ನಮ್ಮ ಮನೆಗೆ ಬರುತ್ತಿದ್ದವಳು ಆ ಹೊಸ ಮನೆಯಿಂದ ಕೆಲವು ದಿನ ಬಸ್ಸು ಬದಲಿಸಿ ಬದಲಿಸಿ ಬಂದಳು, ಆಮೇಲೆ ನಿಲ್ಲಿಸಿದಳು. ಅವಳ ಹಾಗೆಯೇ ಇನ್ನೂ ಹಲವರು ಬರದಾದರು. ಆಗ ವಾಟ್ಸಾಪ್ ಗುಂಪಿನಲ್ಲಿ ಗೋಳು ಶುರುವಾಯಿತು. ಕೆಲಸದವರು ಸಿಗುತ್ತಿಲ್ಲ, ಸಿಕ್ಕರೂ ಹೊತ್ತಿಗೆ ಬರುವುದಿಲ್ಲ. ಇವರಿಗೆಲ್ಲ ಹತ್ತಿರದಲ್ಲೇ ಎಲ್ಲಾದರೂ ಮನೆ ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಅಧ್ಯಕ್ಷರು ಬರೆದರು. ಎಲ್ಲರೂ ಹೆಬ್ಬೆರಳು ಎತ್ತಿದರು.

ಹೋದ ತಿಂಗಳು ಅವಳನ್ನು ನೋಡಲು ಹೋಗಿದ್ದೆ. ಮನೆ ಗಟ್ಟಿಯಾಗಿದೆ, ನೀರು ಟ್ಯಾಂಕರಿನದು. ಕಾಫಿ ಕೊಟ್ಟು ಬಾಗಿಲ ಬಳಿ ಕೂತಳು. ಕೆಲಸ ಏನಾದರೂ ಸಿಕ್ಕಿತೇ ಎಂದು ಕೇಳಿದೆ. ಅವಳು ಎದುರಿನ ಬಯಲಲ್ಲಿ ಎದ್ದ ತಗಡಿನ ಬೇಲಿಯತ್ತ ಕೈ ತೋರಿಸಿದಳು.

"ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಬತ್ತೈತಂತೆ ಅಕ್ಕ. ಅದು ಮುಗುದ್ರೆ ಕೆಲ್ಸುಕ್ಕೇನ್ ತೊಂದ್ರೆ ಇಲ್ಲ. ನಮ್ಮುನ್ನ ಇಲ್ಲೇ ಇರಾಕೆ ಬಿಟ್ರೆ."

ನನಗೆ ನಗು ಬಂತು. ಅವಳು ನಗಲಿಲ್ಲ.