ಹೆರಿಗೆ ವಾರ್ಡಿನ ಕಲ್ಲಿಗೆ ಒಂದು ಸಾಲು

"ಬಡವರ ಬಂಧು" ಎಂದು ಬರೆಯಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಅಳಿಸಲು ಹದಿನೈದು ದಿನ ಹಿಡಿಯಿತು.

ಮದ್ದೂರಿನ ಮಿಲ್ ರುದ್ರಪ್ಪನವರು ತೀರಿಕೊಂಡದ್ದು ನಿಮಗೆ ಗೊತ್ತೇ ಇದೆ. ಇಲ್ಲೊಂದು ಅಕ್ಕಿ ಮಿಲ್ಲು, ಮಳವಳ್ಳಿಯಲ್ಲೊಂದು ಎಣ್ಣೆ ಮಿಲ್ಲು. ಕೊನೆಗಾಲದಲ್ಲಿ ಊರಿಗೊಂದು ಹೆರಿಗೆ ವಾರ್ಡು ಕಟ್ಟಿಸಿದರು. ಅದರ ಬಾಗಿಲಲ್ಲಿ ಕಲ್ಲು ನಿಲ್ಲಿಸಬೇಕು, ಒಕ್ಕಣೆ ನೀವೇ ಬರೆದುಕೊಡಿ ಎಂದು ವಾರ್ಡಿನ ಕಮಿಟಿಯವರು ನನ್ನ ಬೆನ್ನು ಹತ್ತಿದರು. (ಮೇಷ್ಟ್ರಾದವನಿಗೆ ಇಂಥ ಬಿಟ್ಟಿ ಕೆಲಸ ತಪ್ಪಿದ್ದಲ್ಲ.)

ಬರೆದೆ. ಕಲ್ಲುಕುಟಿಗ ನನ್ನಿಂದ ಓದಿಸಿಕೊಂಡು, "ಇದ ಸೋಮನಳ್ಳಿ ಕಾಳಯ್ಯಂಗೆ ತೋರ್ಸಿದ್ರಾ ಮೇಷ್ಟ್ರೇ?" ಎಂದ.

ಯಾರಪ್ಪ ಈ ಕಾಳಯ್ಯ? "ನೀವೇ ಓಗಿ ಕೇಳಿ," ಎಂದು ಅವನು ಉಳಿ ಕೈಗೆತ್ತಿಕೊಂಡ. ನನಗೆ ತಡೆಯಲಾಗಲಿಲ್ಲ. ಭಾನುವಾರ, ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿ ಸೋಮನಹಳ್ಳಿಗೆ ಹೊರಟೆ.

ಕಾಳಯ್ಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಬಲಗೈ ಮೊಣಕೈಯಿಂದ ಕೆಳಗಿಲ್ಲ. ನಾರಿನ ತುದಿಯನ್ನು ಕಾಲ್ಬೆರಳಲ್ಲಿ ಹಿಡಿದು, ಎಡ ಅಂಗೈಯಿಂದ ತೊಡೆಯ ಮೇಲೆ ಹೊಸೆಯುತ್ತಿದ್ದ.

"ಮಿಲ್ಲಿನ ಬೆಲ್ಟು ಎಳ್ಕೊಂತು," ಎಂದ. "ಯಜಮಾನ್ರೇ ಓಡ್ಬಂದು ತಬ್ಕೊಂಡ್ರು. ಅವರ ಕಾರ್ನಲ್ಲೇ ಮೈಸೂರಾಸ್ಪತ್ರೆಗೆ ಕರ್ಕೊಂಡೋದ್ರು. ದಾರಿಯುದ್ದಕ್ಕೂ ನನ್ ತಲೆ ಅವರ ತೊಡೆ ಮ್ಯಾಲಿತ್ತು. ಪಂಚೆಯೆಲ್ಲಾ ರಕ್ತ."

"ದೊಡ್ಡ ಮನಸ್ಸು."

"ಊಂ. ಎರಡು ತಿಂಗ್ಳು ಬುಟ್ಟು ಮಿಲ್ಲಿನ ಗೇಟಿಗೆ ಓಗಿ ನಿಂತೆ. ಒಂಟಿಕೈಯೋನಿಗೆ ಇಲ್ಲೇನ್ಲಾ ಕೆಲಸ ಅಂತ ಲೆಕ್ಕ ಬರ್ಯೋ ರೈಟ್ರು ವಾಪಸ್ ಕಳಿಸ್ದ. ಯಜಮಾನ್ರು ಕಿಟಕೀಲಿ ನೋಡ್ತಾನೇ ಇದ್ರು. ಎದ್ದು ಬರ್ನಿಲ್ಲ."

ಒಳಗಿನಿಂದ ಅವನ ಹೆಂಡತಿ ನಿಂಗಮ್ಮ ಬಂದಳು. "ಪೂರ್ತಿ ಯೋಳು. ನಮ್ ಮಗಳು ಹೆತ್ತಿದ್ದು ಅವರ ವಾರ್ಡ್ನಲ್ಲೇ. ಕೂಸು ಅಡ್ಡ ತಿರುಗಿತ್ತು. ಅದಿಲ್ದಿದ್ರೆ ತಾಯಿನೂ ಇಲ್ಲ, ಕೂಸೂ ಇಲ್ಲ."

"ನಾನೇನು ಇಲ್ಲ ಅಂದ್ನಾ?" ಕಾಳಯ್ಯ ರೇಗಿದ.

ಹಾಗಾದರೆ ಕಲ್ಲಿನ ಮೇಲೆ ಏನು ಬರೆಯಲಿ? ಅವರನ್ನೇ ಕೇಳಿದೆ.

"ಏನು ಮಾಡಿದ್ರೋ ಅದ ಬರೀರಿ," ಎಂದಳು ನಿಂಗಮ್ಮ. "ಎಂತೋರು ಅಂತ ನೀವ್ಯಾಕೆ ಬರೀಬೇಕು?"

ಇಷ್ಟು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವನು ನಾನು. ವಿಶೇಷಣ ಎಷ್ಟು ಅಪಾಯದ ವಸ್ತು ಎಂದು ಗೊತ್ತಾದದ್ದು ಆ ಜಗಲಿಯ ಮೇಲೆ.

"ಈ ವಾರ್ಡನ್ನು ರುದ್ರಪ್ಪನವರು ಕಟ್ಟಿಸಿದರು." ಇಷ್ಟನ್ನೇ ಉಳಿಸಿದೆ. ಕಮಿಟಿಯವರು ಮುಖ ಗಂಟು ಹಾಕಿಕೊಂಡರು. ರುದ್ರಪ್ಪನವರ ಮಗ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಯಾಕೆ ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಂದದ್ದೇ ಬೇರೆ.

"ಕಾಳಯ್ಯನ ಕೈ ಹೋದ ಮೇಲೆ ಅಪ್ಪ ಮಷೀನಿನ ಹತ್ತಿರ ಕಾಲೇ ಇಡಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ."

ನಾಚಿಕೆಯೇ? ಭಯವೇ? ಇನ್ನು ಯಾರನ್ನು ಕೇಳುವುದು?

ಮರುದಿನ ಆ ಮಗ ನನ್ನನ್ನೂ ಕರೆದುಕೊಂಡು ಸೋಮನಹಳ್ಳಿಗೆ ಹೋದರು. ಗೇಟು ಕಾಯುವ ಕೆಲಸಕ್ಕೆ ಬನ್ನಿ ಎಂದು ಕಾಳಯ್ಯನನ್ನು ಕರೆದರು.

"ಬ್ಯಾಡಿ ಬುದ್ಧಿ. ಹಗ್ಗ ಹೊಸ್ಯದು ಕಲ್ತಿವ್ನಿ," ಎಂದ ಕಾಳಯ್ಯ. "ಕೈ ಇರೋರು ಇನ್ನೂ ಅಲ್ಲಿ ಅವ್ರಲ್ಲ, ಆ ಬೆಲ್ಟಿಗೊಂದು ಮರೆ ಕಟ್ಸಿ."

ಮೊನ್ನೆ ಹೋಗಿ ಕಣ್ಣಾರೆ ನೋಡಿಬಂದೆ. ಬೆಲ್ಟಿನ ಸುತ್ತ ಈಗ ಕಬ್ಬಿಣದ ಜಾಲರಿ ಇದೆ. ಅದನ್ನು ಮಿಲ್ಲಿಗೆ ಕೊಟ್ಟವರು ಯಾರು ಅನ್ನೋಣ: ರುದ್ರಪ್ಪನವರೇ, ಅವರ ಮಗನೇ, ಕಾಳಯ್ಯನೇ?